ಕಿಟಕಿಯ ಕಡೆಯ ಕೆಂಪು

ಮೂವತ್ತೊಂದನೆಯ ಫ್ಲಾಸ್ಕಿನ ಕತ್ತಿನೊಳಗೆ ಬ್ರಷ್ಷು ತೂರಿಸಿ, ಬುಡದ ಮೂಲೆಗೆ ಕಚ್ಚಿಕೊಂಡ ಹಸಿರು ಪೊರೆಯನ್ನು ತಿರುವಿ ತಿರುವಿ ಕೆದಕುತ್ತಿದ್ದವಳು, ಅರವತ್ತೂ ತೊಳೆದು ಮುಗಿಯುವವರೆಗೆ ಹಿಂದೆ ತಿರುಗಿ ನೋಡಕೂಡದೆಂದು ಬೆಳಗ್ಗೆಯಿಂದ ನಾಲ್ಕನೆಯ ಸಲ ತನಗೆ ತಾನೇ ಕಟ್ಟಪ್ಪಣೆ ಮಾಡಿಕೊಂಡಳು. ಹಿಂದೆ, ಸರಿಯಾಗಿ ಅವಳ ಬೆನ್ನಿಗೆ, ಒಂದು ಉದ್ದನೆಯ ಮೇಜು. ಅದರ ಒಂದು ತುದಿ ಪಶ್ಚಿಮದ ಕಿಟಕಿಗೆ ತಾಗಿತ್ತು, ಇನ್ನೊಂದು ತುದಿ ಬಿಸಿಲು ಮುಟ್ಟದ ಗೋಡೆಗೆ. ಮೇಜಿನ ಮೇಲೆ ಹನ್ನೆರಡು ಫ್ಲಾಸ್ಕುಗಳು. ಅಗಲ ಬುಡದವು, ಬಾಯಿಗೆ ಹತ್ತಿಯ ಬಿರಡೆ ತುರುಕಿದವು, ಆರರ ಕತ್ತಿಗೆ ಕರಿಯ ದಾರ, ಆರರ ಕತ್ತಿಗೆ ಬಿಳಿಯ ದಾರ, ಒಳಗೆ ಪಾಚಿಯ ನೀರು. ನಿನ್ನೆ ಸಂಜೆ ಬಾಗಿಲು ಹಾಕುವಾಗ ಕಿಟಕಿಯ ಕಡೆಯ ಬಿಳಿದಾರದ ಒಂದರ ಬುಡದಲ್ಲಿ ತುಕ್ಕಿನಂಥ ಛಾಯೆ ಕಂಡ ಹಾಗಾಗಿತ್ತು. ಕಂಡದ್ದು ಕಣ್ಣಿಗೋ ಮನಸ್ಸಿಗೋ ಗೊತ್ತಿರಲಿಲ್ಲ. ಇಳಿಬಿಸಿಲಿಗೆ ಗಾಜು ಏನನ್ನು ಬೇಕಾದರೂ ಕಾಣಿಸುತ್ತದೆ. ಇಪ್ಪತ್ತಮೂರು ವರ್ಷ ಗಾಜು ತೊಳೆದವಳಿಗೆ ಅಷ್ಟೂ ತಿಳಿಯದೆ? ಅದಕ್ಕೇ ದಿನಕ್ಕೆ ಒಂದೇ ಸಲ, ನೇರ ಬೆಳಕು ಬೀಳುವ ಮುಂಚೆ, ಕೈಯೊರೆಸಿಕೊಂಡು ನೋಡುವುದು ಎಂದು ನಿಯಮ ಮಾಡಿಕೊಂಡಿದ್ದಳು. ನಿಯಮ ಮಾಡುವುದು ಸುಲಭ. ಬೆನ್ನಿಗೆ ಕಣ್ಣಿಲ್ಲದಿದ್ದರೂ ಬೆನ್ನು ನೋಡಲು ಹವಣಿಸುತ್ತಿತ್ತು.

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಗಾಜಕ್ಕ ಎನ್ನುತ್ತಿದ್ದರು. ಆ ಹೆಸರಿಟ್ಟವಳು ಇಲ್ಲಿ ಸಂಶೋಧನೆಗೆ ಬಂದಿದ್ದ ಒಬ್ಬ ಹುಡುಗಿ. ಅವಳಿಗೆ ಉಳಿದವರು ಇಟ್ಟ ಹೆಸರು ಯಾಕಮ್ಮ. ಮಾತು ಮಾತಿಗೆ "ಯಾಕೆ?" ಎನ್ನುವವಳು. ನಲ್ಲಿ ತೊಟ್ಟಿಕ್ಕಿದರೂ ಯಾಕೆ, ಬಿರಡೆಗೆ ಹತ್ತಿಯೇ ಯಾಕೆ, ಗಾಜಕ್ಕ ಎಡಗೈಯಲ್ಲಿ ಬ್ರಷ್ಷು ಹಿಡಿಯುವುದು ಯಾಕೆ. ಮೊದಮೊದಲು ಗಾಜಕ್ಕನಿಗೆ ಕಿರಿಕಿರಿಯಾಗುತ್ತಿತ್ತು. ಆಮೇಲೊಂದು ದಿನ ಆ ಹುಡುಗಿ ಅವಳನ್ನು ಭುಜ ಹಿಡಿದು ಎಳೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. "ಒಂದು ಕಣ್ಣು ಮುಚ್ಚಬೇಡಿ ಅಕ್ಕ, ಎರಡೂ ತೆರೆದಿಡಿ, ಒಂದರಲ್ಲಿ ಮಾತ್ರ ನೋಡಿ." ಎರಡೂ ತೆರೆದು ಒಂದರಲ್ಲಿ ನೋಡುವುದು ಹೇಗೆಂದು ಒದ್ದಾಡುತ್ತಿದ್ದಾಗ ಇದ್ದಕ್ಕಿದ್ದಂತೆ ಬೆಳಕಿನ ಒಂದು ತಟ್ಟೆ ಎದುರಾಗಿ, ಅದರೊಳಗೆ ಹಸಿರು ಮಣಿಗಳು ಓಡಾಡತೊಡಗಿದವು. ಪ್ರತಿಯೊಂದಕ್ಕೂ ಎರಡು ಕೂದಲಿನಂಥ ಬಾಲ. ತಾನು ಇಷ್ಟು ವರ್ಷ ಬ್ರಷ್ಷಿನಿಂದ ಉಜ್ಜಿ ಚರಂಡಿಗೆ ಬಿಟ್ಟದ್ದು ಇವುಗಳನ್ನೇ! ಅವಳಿಗೆ ಮರುಕವೇನೂ ಆಗಲಿಲ್ಲ. ಆದದ್ದು ನಾಚಿಕೆ. ಒಂದೇ ಮನೆಯಲ್ಲಿದ್ದು ಮಾತಾಡಿಸದೆ ಇದ್ದ ಹಾಗೆ. ಇನ್ನೊಂದು ಗಾಜಿನ ಪಟ್ಟಿಯ ಮೇಲೆ ಬಾಲ ಉದುರಿಸಿಕೊಂಡು, ಉಂಡೆಗಟ್ಟಿ, ದಪ್ಪ ಸಿಪ್ಪೆಯೊಳಗೆ ಕೂತವು ಇದ್ದವು. ಅವು ಕೆಂಪು. ಇಟ್ಟಿಗೆಯ ಕೆಂಪಲ್ಲ, ರಕ್ತದ ಕೆಂಪೂ ಅಲ್ಲ, ಎರಡರ ನಡುವಿನದು. "ಇವೂ ಅವೇನೇ," ಎಂದಿದ್ದಳು ಯಾಕಮ್ಮ. "ಆಹಾರ ಸಾಲದೆ ಹೋದರೆ, ಬಿಸಿಲು ಜಾಸ್ತಿಯಾದರೆ, ನೀರು ಉಪ್ಪಾದರೆ ಈಜೋದು ನಿಲ್ಲಿಸಿ ಈ ಬಣ್ಣ ಕಟ್ಟಿಕೊಳ್ತವೆ. ಇದೇ ಬಣ್ಣ ನಮಗೆ ಬೇಕಾಗಿರೋದು. ಯಾವ ಕಷ್ಟಕ್ಕೆ ಎಷ್ಟು ಬೇಗ ಕಟ್ಟಿಕೊಳ್ತವೆ ಅನ್ನೋದೇ ನನ್ನ ಕೆಲಸ."

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ತಂಗಿ, ಹೊಲಿಗೆಯಂತ್ರದಿಂದ ತಲೆಯೆತ್ತದೆ, "ನೋಡು, ಮನುಷ್ಯರ ಹಾಗೇ," ಎಂದಿದ್ದಳು. ಗಾಜಕ್ಕನಿಗೆ ಸಿಟ್ಟು ಬಂದಿತ್ತು. ಏನು ಮನುಷ್ಯರ ಹಾಗೆ? ಕಷ್ಟ ಬಂದ ಮನುಷ್ಯರನ್ನು ಅವಳು ಬೇಕಾದಷ್ಟು ನೋಡಿದ್ದಳು. ಯಾರೂ ಕೆಂಪಾಗಿರಲಿಲ್ಲ, ಬಿಳಿಚಿಕೊಂಡಿದ್ದರು. ಪಾಚಿ ಪಾಚಿಯ ಹಾಗೆ ಇರುತ್ತದೆ. ಅದು ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಅದನ್ನೇ ನೋಡಬೇಕು.

ಮೂವತ್ತೆರಡು. ಮೂವತ್ತಮೂರು. ಗೋಡೆಯಾಚೆ ಯಾರೋ ಕುರ್ಚಿ ಎಳೆದ ಸದ್ದು. ಯಾಕಮ್ಮ ಇದ್ದಾಗಲೂ ಇದೇ ಮೇಜು, ಇದೇ ಕಿಟಕಿ. ಆಗ ಹನ್ನೆರಡೂ ಯಾಕಮ್ಮನವು. ಆರಕ್ಕೆ ಪೂರ್ತಿ ಆಹಾರ, ಆರಕ್ಕೆ ಬಿಳಿ ಉಪ್ಪನ್ನು, ಅಂದರೆ ನೈಟ್ರೇಟನ್ನು, ಹತ್ತರಲ್ಲೊಂದು ಪಾಲಿಗೆ ಇಳಿಸಿದ ಆಹಾರ. ಗಾಜಕ್ಕನಿಗೆ ಆಗ ಓದು ಬರುತ್ತಿರಲಿಲ್ಲ. ಅದನ್ನು ಯಾಕಮ್ಮ ಯಾರಿಗೂ ಹೇಳದೆ, ಚೀಟಿ ಅಂಟಿಸುವ ಬದಲು ದಾರ ಕಟ್ಟಿದಳು. "ದಾರವೇ ವಾಸಿ ಅಕ್ಕ, ಚೀಟಿ ಒದ್ದೆಯಾಗುತ್ತೆ." ಪೂರ್ತಿ ಆಹಾರಕ್ಕೆ ಕರಿದಾರ, ಕಡಿಮೆಗೆ ಬಿಳಿದಾರ. ಕಿಟಕಿಯ ಹತ್ತಿರದವಕ್ಕೆ ಬಿಸಿಲು ಹೆಚ್ಚು, ಗೋಡೆಯ ಹತ್ತಿರದವಕ್ಕೆ ಕಡಿಮೆ. ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಆಗಬಾರದೆಂದು ದಿನಾ ಬೆಳಗ್ಗೆ ಹನ್ನೆರಡನ್ನೂ ಒಂದೊಂದು ಜಾಗ ಮುಂದಕ್ಕೆ ಸರಿಸಬೇಕು. ಕಿಟಕಿ ಮುಟ್ಟಿದ್ದು ಹಿಂದಕ್ಕೆ ಬಂದು ಗೋಡೆಯ ತುದಿಯಲ್ಲಿ ನಿಲ್ಲಬೇಕು. ಸರಿಸುವಾಗ ಪ್ರತಿಯೊಂದನ್ನೂ ಕೈಯಲ್ಲಿ ಇಪ್ಪತ್ತು ಸುತ್ತು ಮೆಲ್ಲಗೆ ತಿರುಗಿಸಬೇಕು, ತಳದಲ್ಲಿ ಕೂತವು ಏಳುವ ಹಾಗೆ. ಎಲ್ಲ ಮುಗಿಯಲು ಮುಕ್ಕಾಲು ಗಂಟೆ. ಆಮೇಲೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಆ ದಿನದ ಮನೆಯೊಳಗೆ ಒಂದು ಟಿಕ್ಕು. ಅವಳಿಗೆ ಬರೆಯಲು ಬರುತ್ತಿದ್ದದ್ದು ಆ ಟಿಕ್ಕು ಒಂದೇ. ಅದನ್ನು ಅವಳು ಬಹಳ ಚೆಂದಾಗಿ, ಬಾಲ ಮೇಲಕ್ಕೆ ಏರಿಸಿ ಹಾಕುತ್ತಿದ್ದಳು.

ಯಾಕಮ್ಮ ಸಭೆಯೊಂದಕ್ಕೆಂದು ನಾಲ್ಕು ದಿನ ಬೇರೆ ಊರಿಗೆ ಹೋದಳು. ಅದೇ ನಾಲ್ಕು ದಿನ ತಂಗಿ ಆಸ್ಪತ್ರೆಯಲ್ಲಿದ್ದಳು. ಹೊಟ್ಟೆ ಕೊಯ್ಯಬೇಕಾಗಿತ್ತು. ಗಾಜಕ್ಕ ಮಧ್ಯಾಹ್ನ ಒಂದು ಗಳಿಗೆ ಬಂದು, ತೊಳೆಯುವಷ್ಟು ತೊಳೆದು, ಹನ್ನೆರಡು ಫ್ಲಾಸ್ಕುಗಳ ಕಡೆ ನೋಡಿ, ನಾಳೆ ಸರಿಸಿದರಾಯಿತು ಎಂದುಕೊಂಡು, ಹಾಳೆಯಲ್ಲಿ ಟಿಕ್ಕು ಹಾಕಿ ಓಡುತ್ತಿದ್ದಳು. ಆ ಹೊತ್ತಿಗೆ ಬಿಳಿದಾರದ ಆರೂ ಕಿಟಕಿಯ ಕಡೆಗೆ ಬಂದು ನಿಂತಿದ್ದವು. ಬೇಸಗೆಯ ಬಿಸಿಲು. ನಾಲ್ಕು ದಿನ ಅವು ಅಲ್ಲೇ ನಿಂತವು. ಐದನೆಯ ಬೆಳಗ್ಗೆ ಯಾಕಮ್ಮ ಬರುವ ಮುಂಚೆ ಬಾಗಿಲು ತೆಗೆದರೆ, ಆರೂ ಕೆಂಪು. ಆಗ ಅವಳು ಮಾಡಿದ ಕೆಲಸ ಟಿಕ್ಕಿಗಿಂತ ದೊಡ್ಡದು: ಬಿಟ್ಟಿದ್ದ ಅಷ್ಟೂ ದಿನದ ಸರಿಸುವಿಕೆಯನ್ನು ಒಂದೇ ಸಲಕ್ಕೆ ಸರಿಸಿಬಿಟ್ಟಳು. ಎಣಿಸಿಕೊಂಡು, ಒಂದೂ ತಪ್ಪದ ಹಾಗೆ. ಯಾಕಮ್ಮ ಒಳಗೆ ಬಂದಾಗ ಪ್ರತಿಯೊಂದು ಫ್ಲಾಸ್ಕೂ ತಾನಿರಬೇಕಾದ ಜಾಗದಲ್ಲೇ ಇತ್ತು.

ಯಾಕಮ್ಮನ ಕುಣಿದಾಟ ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ. ಹುಡುಗಿ ಬ್ಯಾಗನ್ನೂ ಇಳಿಸದೆ ಫ್ಲಾಸ್ಕು ಎತ್ತಿ ಹಿಡಿದು, "ಅಕ್ಕಾ, ನೋಡಿ ಅಕ್ಕಾ! ಬರೀ ಆಹಾರ ಕಡಿಮೆ ಮಾಡಿದ್ದಕ್ಕೆ ಇಷ್ಟು ಬೇಗ! ಯಾಕೆ?" ಎಂದು ಅವಳನ್ನೇ ಕೇಳಿದ್ದಳು. ಯಾಕೆ ಎಂದು ಗೊತ್ತಿದ್ದದ್ದು ಇಡೀ ಕಟ್ಟಡದಲ್ಲಿ ಅವಳೊಬ್ಬಳಿಗೆ. "ಏನೋಪ್ಪ, ನನಗೇನು ಗೊತ್ತು," ಎಂದು ನಲ್ಲಿ ಜೋರಾಗಿ ಬಿಟ್ಟಳು. ಯಾಕಮ್ಮ ಅದನ್ನು ಬರೆದಳು, ಸಭೆಯಲ್ಲಿ ಹೇಳಿದಳು, ಚಪ್ಪಾಳೆಯೂ ಬಿತ್ತು. ಮತ್ತೆ ಮಾಡಿ ತೋರಿಸಿ ಎಂದರು. ಮಾಡಿದಳು. ಈ ಸಲ ಗಾಜಕ್ಕ ಒಂದು ದಿನವೂ ತಪ್ಪಿಸದೆ ಸರಿಸಿದಳು. ಎರಡು ವಾರವಾದರೂ ಬಿಳಿದಾರದವು ಕೆಸರಿನ ಬಣ್ಣಕ್ಕೆ ತಿರುಗಿದವೇ ಹೊರತು ಕೆಂಪಾಗಲಿಲ್ಲ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲವೂ ಅಷ್ಟೇ. ಎಲ್ಲರೂ ಕೂತ ಕೋಣೆಯಲ್ಲಿ ಪ್ರಯೋಗಾಲಯದ ಮುಖ್ಯಸ್ಥರು, ದನಿ ಏರಿಸದೆ, "ನೀವೊಬ್ಬರೇ ಒಂದೇ ಸಲ ನೋಡಿದ ಕೆಂಪು ನಿಮ್ಮ ಕಣ್ಣಲ್ಲೇ ಇತ್ತೇನೋ," ಎಂದರು. ಯಾರೋ ಕಿಸಕ್ಕೆಂದರು. ಯಾಕಮ್ಮ ಗೋಡೆಯ ಹಾಳೆಯನ್ನು ಕಿತ್ತು ತಂದಿದ್ದಳು. "ಸರ್, ದಿನಾ ಜಾಗ ಬದಲಾಗಿದೆ. ನೋಡಿ, ಟಿಕ್ಕಿದೆ. ಅಕ್ಕ ಹಾಕಿದ್ದು." ಅಷ್ಟೊತ್ತಿಗೆ ಸರಿಯಾಗಿ ಅಕ್ಕ ತೊಳೆದ ಗಾಜಿನ ತಟ್ಟೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಮುಖ್ಯಸ್ಥರು ಅವಳತ್ತ ಕತ್ತು ಹೊರಳಿಸಿ, "ಏನಮ್ಮಾ, ಎಲ್ಲಾ ದಿನವೂ ಬದಲಿಸಿದ್ದೀರಿ ತಾನೆ?" ಎಂದರು. ಅವಳು ತಟ್ಟೆಯನ್ನು ಎದೆಗೆ ಒತ್ತಿ ಹಿಡಿದಳು. "ಬದಲಿಸಿದ್ದೀನಿ ಸರ್." ಯಾಕಮ್ಮ ಅವಳ ಕಡೆ ನೋಡಿ ಕೃತಜ್ಞತೆಯಿಂದ ನಕ್ಕಳು. ಎರಡು ತಿಂಗಳಲ್ಲಿ ಸಂಶೋಧನೆ ಬಿಟ್ಟು ಹೋದಳು. ಈಗ ಎಲ್ಲೋ ಕುಡಿಯುವ ನೀರಿನ ತೊಟ್ಟಿಗಳನ್ನು ಪರೀಕ್ಷಿಸುವ ಕಚೇರಿಯಲ್ಲಿ ಇದ್ದಾಳಂತೆ. ಅವಳ ವಿಳಾಸ ಇಲ್ಲಿಯ ಗುಮಾಸ್ತೆಯ ಹತ್ತಿರ ಇತ್ತು. ಆರು ವರ್ಷವಾಯಿತು.

ಆ ವರ್ಷವೇ ಗಾಜಕ್ಕ ಸಂಜೆಶಾಲೆಗೆ ಸೇರಿದಳು. ಯಾಕೆ ಸೇರಿದೆ ಎಂದು ಕೇಳಿದವರಿಗೆ ಬಸ್ಸಿನ ಹಲಗೆ ಓದಲು ಎಂದಳು. ನಿಜಕ್ಕೂ ಒಂದು ಪತ್ರ ಬರೆಯಲು. ಅಕ್ಷರ ಬಂತು, ಒತ್ತಕ್ಷರ ಬಂತು, ಪತ್ರ ಮಾತ್ರ ಬರಲಿಲ್ಲ. ಇವತ್ತು ಬೆಳಗ್ಗೆ ತಂಗಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಇದು ಎಷ್ಟನೇದು?" ಎಂದು ಕೇಳಿದ್ದಳು.

"ಹನ್ನೊಂದನೇದು."

"ಹನ್ನೊಂದು ಪತ್ರ ಬರೆದು ಒಂದೂ ಹಾಕದೆ ಇರೋರನ್ನ ನಾನು ನಿನ್ನ ಬಿಟ್ಟರೆ ಯಾರನ್ನೂ ನೋಡಿಲ್ಲ ಕಣೇ ಅಕ್ಕ. ಅಂಚೆಯವರು ನಿನ್ನ ಮೇಲೆ ದಾವೆ ಹಾಕ್ತಾರೆ ನೋಡ್ತಿರು."

"ಹಾಕಲಿ ಬಿಡು. ಅವರ ನೋಟೀಸು ಓದೋಕೆ ಬರುತ್ತಲ್ಲ ಈಗ."

"ಕೊಡಿಲ್ಲಿ, ನೋಡೋಣ." ತಂಗಿ ಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚುತ್ತ ಓದಿದಳು. ಅರ್ಧದಲ್ಲಿ ನಿಲ್ಲಿಸಿದಳು. "ಇದರಲ್ಲೂ ನನ್ನ ಹೊಟ್ಟೆ! ಹನ್ನೊಂದರಲ್ಲೂ ನನ್ನ ಹೊಟ್ಟೇನೇ ಅಡ್ಡ ತಂದಿದ್ದೀಯಾ. ಕೊಯ್ದಿದ್ದು ಮೊದಲನೇ ದಿನ. ಮೂರನೇ ದಿನ ನಾನು ಎದ್ದು ಓಡಾಡ್ತಿದ್ದೆ. ನಾಲ್ಕನೇ ದಿನ 'ಯಾಕೆ ಕಾಯ್ತೀಯಾ, ಕೆಲಸಕ್ಕೆ ಹೋಗು' ಅಂತ ನಾನೇ ಬೈದು ಅಟ್ಟಿದ್ದೆ. ಆ ದಿನ ಎಲ್ಲಿಗೆ ಹೋಗಿದ್ದೆ ನೀನು?"

ಅವಳು ಪತ್ರ ಮಡಚಿ ಬ್ಯಾಗಿಗೆ ಹಾಕಿಕೊಂಡು ಬಂದುಬಿಟ್ಟಿದ್ದಳು. ಆ ನಾಲ್ಕನೆಯ ದಿನ ಎಲ್ಲಿಗೂ ಹೋಗಿರಲಿಲ್ಲ. ಇಲ್ಲಿಗೇ ಬಂದಿದ್ದಳು. ಬೆಳಗ್ಗೆ ಬೇಗನೆ, ಕೈಯಲ್ಲಿ ಬೇಕಾದಷ್ಟು ಹೊತ್ತಿತ್ತು. ಉಗ್ರಾಣದವನು ಚಹಾ ತಂದುಕೊಟ್ಟ. ತನ್ನ ಅತ್ತೆಯ ಜಿಪುಣತನದ ಕತೆ ಹೇಳಿದ, ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಕ್ಕ ಸುಖ ಕಳೆಯಬಾರದೆಂದು ಇನ್ನಷ್ಟು ಹೊತ್ತು ಕೂತಳು. ಮಧ್ಯಾಹ್ನ ಇಳಿದು ಬಿಸಿಲು ಮೇಜಿನ ಮೇಲೆ ಬಂದದ್ದನ್ನು ನೋಡಿದಳು. ಎದ್ದು ಹೋಗಿ ಟಿಕ್ಕು ಹಾಕಿದಳು. ಅಷ್ಟೇ. ಅದಕ್ಕೆ ಕಾರಣವೇ ಇರಲಿಲ್ಲ. ಕಾರಣವಿದ್ದಿದ್ದರೆ ಹನ್ನೊಂದರಲ್ಲಿ ಒಂದನ್ನಾದರೂ ಹಾಕಿಬಿಡುತ್ತಿದ್ದಳೋ ಏನೋ.

ನಲವತ್ತೆಂಟು. ಉಗ್ರಾಣದವನೇ ಬಾಗಿಲಲ್ಲಿ ತಲೆ ಹಾಕಿದ. "ಅಕ್ಕಾ, ಸೋಮವಾರ ಬಡಗಿಗಳು ಬರ್ತಾರೆ. ಈ ಕಿಟಕಿ ಮುಚ್ಚಿಬಿಡ್ತಾರಂತೆ. ದೀಪದ ಕಪಾಟು ಬರುತ್ತೆ. ಒಂದೇ ಸಮ ಬೆಳಕು, ಹಗಲೂ ರಾತ್ರಿ. ನಿಮಗೆ ಸರಿಸೋ ಕಾಟ ತಪ್ಪಿತು."

"ಹೂಂನಪ್ಪ, ತಪ್ಪಿತು."

"ಅದೇನು ಇನ್ನೂ ಹನ್ನೆರಡು ಇಟ್ಟುಕೊಂಡು ಕೂತಿದ್ದೀರಿ? ಒಡೆದ ಬಾಯಿನ ಫ್ಲಾಸ್ಕೆಲ್ಲಾ ಇಸಕೊಂಡು ಹೋದಾಗಲೇ ಅನ್ಕೊಂಡೆ. ಉಪ್ಪಿನಕಾಯಿ ಹಾಕ್ತೀರೇನೋ ಅಂತ."

"ಹಾಕಿದ್ದೀನಿ. ನೆಕ್ಕಿ ನೋಡ್ತೀಯಾ?"

ಅವನು ನಗುತ್ತ ಹೋದ. ಈ ಮನುಷ್ಯನಿಗೆ ತನ್ನ ಅತ್ತೆಯ ಕತೆ ಒಬ್ಬ ಹುಡುಗಿಯ ಬದುಕಿನ ದಾರಿಯನ್ನು ತಿರುಗಿಸಿತೆಂದು ಗೊತ್ತೇ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಕಿಟಕಿ ಮುಚ್ಚುವ ಸುದ್ದಿ ಹೋದ ತಿಂಗಳೇ ಬಂದಿತ್ತು. ಅವತ್ತಿನಿಂದ ಅವಳಿಗೆ ಹಿಡಿದದ್ದು ಪಶ್ಚಾತ್ತಾಪವೆಂದು ತಂಗಿ ತಿಳಿದಿದ್ದಳು. ಆದರೆ ಅದು ಬರೀ ಪಶ್ಚಾತ್ತಾಪವಾಗಿರಲಿಲ್ಲ. ಅದು ಮೊದಲು ಒಂದು ಪ್ರಶ್ನೆಯಾಗಿ ಬಂದಿತ್ತು. ತಾನೇ ಕಾರಣ ಎಂದು ಆರು ವರ್ಷ ನಂಬಿದ್ದಳಲ್ಲ, ನೋಡಿದವರು ಯಾರು? ಬಿಸಿಲಿಗೇ ಕೆಂಪಾಯಿತೋ? ಆಹಾರ ಕಡಿಮೆಯಾಗಿದ್ದಕ್ಕೆ ಕೆಂಪಾಯಿತೋ? ತಾನು ಸುಮ್ಮನೆ ಇಲ್ಲದ ಪಾಪ ಹೊತ್ತುಕೊಂಡು ತಿರುಗಿದ್ದಳೋ? ಕಿಟಕಿ ಮುಚ್ಚಿದರೆ ಆ ಬಿಸಿಲು ಮತ್ತೆ ಸಿಗುವುದಿಲ್ಲ. ಬೀಜಕ್ಕೆಂದು ಉಳಿಸಿದ ತಾಯಿಪಾಚಿಯನ್ನು ವರ್ಷಗಟ್ಟಲೆ ಶೀಸೆ ಬದಲಿಸಿ ಬದಲಿಸಿ ಬದುಕಿಸಿದವಳು ಅವಳೇ. ಆಹಾರದ ಉಪ್ಪುಗಳ ಅಳತೆ ಅವಳಿಗೆ ಬಾಯಿಪಾಠ. ಆರು ಕರಿದಾರ, ಆರು ಬಿಳಿದಾರ ಕಟ್ಟಿದಳು. ಆದರೆ ಇಡುವಾಗ ಕೈ ತಡೆಯಿತು. ಆಗಿನ ಹಾಗೆ ಬಿಳಿದಾರದ್ದನ್ನೆಲ್ಲ ಕಿಟಕಿಗೆ ಇಟ್ಟರೆ, ಕೆಂಪಾದ ಮೇಲೆ ಅದು ಬಿಸಿಲಿನದ್ದೋ ಹಸಿವಿನದ್ದೋ ಹೇಗೆ ಹೇಳುವುದು? ಯಾಕಮ್ಮ ಯಾವಾಗಲೂ ಬೆರಳು ಮಡಚಿ ಕೇಳುತ್ತಿದ್ದಳು: ಅದೊಂದೇ ಇದ್ದರೆ? ಇದೊಂದೇ ಇದ್ದರೆ? ಎರಡೂ ಇದ್ದರೆ? ಎರಡೂ ಇಲ್ಲದಿದ್ದರೆ? ಹಾಗಾಗಿ ಮೂರು ಬಿಳಿ ಮೂರು ಕರಿ ಕಿಟಕಿಗೆ, ಮೂರು ಬಿಳಿ ಮೂರು ಕರಿ ಗೋಡೆಗೆ ಇಟ್ಟಳು. ಮೊದಲ ಒಂದು ವಾರ ದಿನಾ ಸರಿಸಿ, ಎಲ್ಲಕ್ಕೂ ಸಮ ಬಿಸಿಲು ಕೊಟ್ಟು ಬೆಳೆಸಿ, ಆಮೇಲೆ ಹೀಗೆ ವಿಂಗಡಿಸಿ ನಿಲ್ಲಿಸಿದಳು. ಇವತ್ತಿಗೆ ನಿಲ್ಲಿಸಿ ನಾಲ್ಕು ದಿನ.

ಅರವತ್ತು. ಕೈಯೊರೆಸಿಕೊಂಡಳು. ಇಷ್ಟು ಹೊತ್ತು ತಿರುಗಲು ತವಕಿಸುತ್ತಿದ್ದ ಬೆನ್ನು ಈಗ ತಿರುಗಲು ಒಲ್ಲೆನೆಂದಿತು. ಕೆಂಪಾಗಿರದಿದ್ದರೆ ಪತ್ರವೇ ಬೇಡ, ತಾನು ನಿರಪರಾಧಿ. ಹಾಗೆಂದುಕೊಂಡಾಗ ಹಗುರವಾಗಬೇಕಿತ್ತು, ಆಗಲಿಲ್ಲ. ಕೆಂಪಾಗಿರಲಿ ಎಂದು ತಾನು ಬಯಸುತ್ತಿದ್ದಾಳೆಂದು ಅವಳಿಗೆ ಗೊತ್ತಾಗಿ ಬೆರಗಾಯಿತು. ತಿರುಗಿದಳು.

ಕಿಟಕಿಯ ಕಡೆಯ ಬಿಳಿದಾರದ ಮೂರೂ ಕೆಂಪಾಗಿದ್ದವು. ಅನುಮಾನಕ್ಕೆ ಎಡೆಯಿಲ್ಲದ ಹಾಗೆ, ತಳದಿಂದ ಭುಜದವರೆಗೆ. ಅವುಗಳ ಪಕ್ಕದಲ್ಲೇ, ಅದೇ ಬಿಸಿಲು ಕುಡಿದ ಕರಿದಾರದ ಮೂರು, ಒಂದಿಷ್ಟು ಹಳದಿಗೆ ತಿರುಗಿದ್ದರೂ ಹಸಿರೇ. ಗೋಡೆಯ ಕಡೆಯ ಬಿಳಿದಾರದವು ಕೆಸರುಬಣ್ಣ, ಯಾಕಮ್ಮನ ಮೂರು ಸೋತ ಸಲಗಳ ಬಣ್ಣ. ಗೋಡೆಯ ಕಡೆಯ ಕರಿದಾರದವು ಕಡುಹಸಿರು. ಅವಳು ಒಂದು ಸಲ ನೋಡಿದಳು, ಎರಡು ಸಲ ನೋಡಿದಳು, ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು. ಬಿಸಿಲೊಂದೇ ಅಲ್ಲ. ಹಸಿವೊಂದೇ ಅಲ್ಲ. ಎರಡೂ ಸೇರಿದ ಕಡೆ ಮಾತ್ರ. ಹಾಗಾದರೆ ಯಾಕಮ್ಮ ಹೇಳಿದ್ದು ಸುಳ್ಳಾಗಿರಲಿಲ್ಲ. ಬಿಳಿ ಉಪ್ಪು ಕಡಿಮೆ ಮಾಡದಿದ್ದರೆ ಆ ಕೆಂಪು ಬರುತ್ತಿರಲಿಲ್ಲ. ತಾನು ಸರಿಸಿದ್ದರೂ ಬರುತ್ತಿರಲಿಲ್ಲ. ಆ ಕೆಂಪನ್ನು ಇಬ್ಬರೂ ಸೇರಿ ಮಾಡಿದ್ದರು, ಒಬ್ಬಳು ಅರಿತು, ಇನ್ನೊಬ್ಬಳು ಸೋಮಾರಿತನದಿಂದ. ಹುಡುಗಿ ಹುಡುಕುತ್ತಿದ್ದ ಉತ್ತರ ಇದೇ. ಆರು ವರ್ಷ ಅದು ತನ್ನ ಬಾಯೊಳಗಿತ್ತು.

ಹನಿಯೊಂದೊಂದನ್ನು ಗಾಜಿನ ಪಟ್ಟಿಗೆ ಹಾಕಿ, ಎರಡೂ ಕಣ್ಣು ತೆರೆದು, ಹನ್ನೆರಡನ್ನೂ ಸರದಿಯಲ್ಲಿ ನೋಡತೊಡಗಿದಳು. ಕೊನೆಯದು, ಗೋಡೆಗೆ ತೀರ ಒತ್ತಿಕೊಂಡಿದ್ದ ಕರಿದಾರದ್ದು. ಪೂರ್ತಿ ಆಹಾರ, ತಂಪು ನೆರಳು, ಯಾವ ಕೊರತೆಯೂ ಇಲ್ಲ. ಹಸಿರು ಮಣಿಗಳು ಬಾಲ ಬಡಿಯುತ್ತ ಸಂಭ್ರಮದಿಂದ ಓಡಾಡುತ್ತಿದ್ದವು. ಅವುಗಳ ನಡುವೆ ಮೂರು ಮಾತ್ರ ಬಾಲವಿಲ್ಲದೆ, ಉಂಡೆಗಟ್ಟಿ, ಕೆಂಪಗೆ ಕೂತಿದ್ದವು. ಪಟ್ಟಿಯನ್ನು ಸರಿಸಿ ನೋಡಿದಳು. ಹೊಸ ಹನಿ ಹಾಕಿ ನೋಡಿದಳು. ಅಲ್ಲಿಯೂ ಎರಡು. ಎಲ್ಲ ಇದ್ದೂ ಇವಕ್ಕೇನಾಯಿತು? ಅವಳು ಎಷ್ಟು ಹೊತ್ತು ಬಗ್ಗಿ ಕೂತಿದ್ದಳೋ, ಹಿಂದೆ ಚಪ್ಪಲಿಯ ಸದ್ದಾದದ್ದೂ ಕೇಳಿಸಲಿಲ್ಲ.

"ಯಾರದ್ದು ಇದು?" ಮುಖ್ಯಸ್ಥರು. ಕಿಟಕಿಯ ಅಳತೆ ನೋಡಲು ಬಂದವರು, ಮೇಜಿನ ಮುಂದೆ ನಿಂತುಬಿಟ್ಟಿದ್ದರು. ಆರು ವರ್ಷದಲ್ಲಿ ತಲೆ ಪೂರ್ತಿ ನರೆತಿತ್ತು.

"ನಂದೇ ಸರ್."

"ನಿಮ್ಮದು ಅಂದ್ರೆ? ಯಾರು ಇಡೋಕೆ ಹೇಳಿದ್ದು?"

"ಯಾರೂ ಹೇಳಿಲ್ಲ ಸರ್."

ಅವರು ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳು ದೊಡ್ಡವರ ಚಪ್ಪಲಿ ಹಾಕಿಕೊಂಡು ನಡೆದಾಗ ನಗುವ ನಗು. ಆದರೆ ನಗು ಅರ್ಧಕ್ಕೇ ನಿಂತಿತು. ಅವರು ದಾರಗಳನ್ನು ನೋಡಿದರು, ಕಿಟಕಿ ನೋಡಿದರು, ಗೋಡೆಯ ಕಡೆಯ ಆರನ್ನು ನೋಡಿದರು. "ಬಿಳಿ ಅಂದ್ರೆ ನೈಟ್ರೇಟು ಕಡಿಮೆಯಾ? ಎಷ್ಟು ದಿನ ಆಯ್ತು?"

"ಇಲ್ಲಿ ನಿಲ್ಲಿಸಿ ನಾಲ್ಕು ದಿನ ಸರ್. ಆ ಹುಡುಗಿ ಮಾಡಿದ್ದಳಲ್ಲ, ಅದೇ."

"ಯಾವ ಹುಡುಗಿ?"

ಅವಳು ಅವರ ಮುಖವನ್ನೇ ನೋಡಿದಳು. ನಟನೆಯಿರಲಿಲ್ಲ. ತಾನು ಹನ್ನೊಂದು ಪತ್ರಗಳಲ್ಲಿ ಹೆದರಿ ಬರೆದ ಆ ಕೋಣೆ, ಆ ಮಾತು, ಆ ಕಿಸಕ್ಕೆಂಬ ನಗು, ಇವರ ತಲೆಯಲ್ಲಿ ಉಳಿದೇ ಇರಲಿಲ್ಲ. "ಯಾಕೆ ಯಾಕೆ ಅಂತ ಕೇಳ್ತಿದ್ದಳಲ್ಲ ಸರ್. ಕೆಂಪು ಅವಳ ಕಣ್ಣಲ್ಲೇ ಇತ್ತು ಅಂದಿರಿ ನೀವು."

"ಓ, ಅವಳಾ!" ಎಂದರು ಅವರು. "ಚುರುಕಿದ್ದಳು. ಆದರೆ ಮತ್ತೆ ಮಾಡಿ ತೋರಿಸೋಕೆ ಆಗಲಿಲ್ಲ, ಅಲ್ವಾ?"

"ನಾನು ಆ ನಾಲ್ಕು ದಿನ ಜಾಗ ಬದಲಿಸಿರಲಿಲ್ಲ ಸರ್. ಬಾಗಿಲಲ್ಲಿ ನಿಂತು ಬದಲಿಸಿದ್ದೀನಿ ಅಂದದ್ದು ಸುಳ್ಳು."

ಮಾತು ಆಚೆ ಬಂದಾಗ ಅದು ಇಷ್ಟು ಚಿಕ್ಕದೇ ಎನಿಸಿತು. ಮುಖ್ಯಸ್ಥರು ಕನ್ನಡಕ ತೆಗೆದರು, ಅಂಗಿಯ ಅಂಚಿನಲ್ಲಿ ಒರೆಸಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಆಗಲೇ ಬೇರೇನೋ ಯೋಚಿಸುತ್ತಿದ್ದರು. ಅವರ ಬೆರಳುಗಳು ಮೇಜಿನ ಮೇಲೆ ಒಂದು ಗೆರೆ ಅಡ್ಡ, ಒಂದು ಗೆರೆ ಉದ್ದ ಎಳೆಯುತ್ತಿದ್ದವು. "ನಾಲ್ಕು ಗುಂಪು ಮಾಡಿ ಇಟ್ಟಿದ್ದೀರಿ. ಚೆನ್ನಾಗಿದೆ. ಯಾರು ಹೇಳಿಕೊಟ್ಟರು?"

"ಅವಳೇ. ಅವಳು ಕೇಳ್ತಿದ್ದ ಹಾಗೆ ಕೇಳಿಕೊಂಡೆ."

"ಹೂಂ. ಹಳೇದು ಹೋಗಲಿ ಬಿಡಿ. ಕಿಟಕಿ ಮುಚ್ಚೋದು ಒಂದು ತಿಂಗಳು ಮುಂದಕ್ಕೆ ಹಾಕೋಣ. ಈಗ ಬಂದಿರೋ ಹುಡುಗರ ಕೈಲಿ ಇದನ್ನ ದೊಡ್ಡದಾಗಿ ಮಾಡಿಸ್ತೀನಿ. ಬರೆದು ಕಳಿಸಬಹುದು." ಬಾಗಿಲವರೆಗೆ ಹೋಗಿ ಹಿಂತಿರುಗಿದರು. "ಯಾರಿಗೂ ಹೇಳಿಲ್ಲ ತಾನೆ ನೀವು?"

ಅದೇ "ತಾನೆ". ಆಗಿನ ಹಾಗೇ, ಉತ್ತರವನ್ನು ಆಗಲೇ ಇಸಕೊಂಡು ಜೇಬಿಗೆ ಹಾಕಿಕೊಂಡವರ ದನಿ. ಅವಳ ಕೈ ಒಣಗಿತ್ತು, ಹಿಡಿದುಕೊಳ್ಳಲು ಗಾಜಿನ ತಟ್ಟೆಯೂ ಇರಲಿಲ್ಲ. "ಇನ್ನೂ ಹೇಳಿಲ್ಲ ಸರ್. ಇವತ್ತು ಹೇಳ್ತೀನಿ. ಇದು ಅವಳದ್ದು. ಅವಳಿಗೆ ಮೊದಲು ಗೊತ್ತಾಗಬೇಕು."

ಮುಖ್ಯಸ್ಥರು ಕೆಂಪು ಫ್ಲಾಸ್ಕುಗಳತ್ತ ಒಂದು ಸಲ ನೋಡಿ, "ಬೆಳಕಿನ ಅಳತೆ ಬರೆದಿಟ್ಟಿದ್ದೀರಾ?" ಎಂದಷ್ಟೇ ಕೇಳಿದರು. ಇಲ್ಲವೆಂದಳು. "ಬರೆದಿಡಿ. ಅವಳು ಕೇಳ್ತಾಳೆ," ಎಂದು ಹೋದರು. ಅದು ಒಪ್ಪಿಗೆಯೋ ಚುಚ್ಚುಮಾತೋ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ.

ಊಟದ ಹೊತ್ತು. ಅವಳು ಹನ್ನೊಂದನೆಯ ಪತ್ರವನ್ನು ಬ್ಯಾಗಿನಿಂದ ತೆಗೆದು ಓದಿದಳು. ಕ್ಷಮಿಸು, ತಂಗಿಗೆ ಹುಷಾರಿರಲಿಲ್ಲ, ಕ್ಷಮಿಸು, ಓದು ಬಾರದವಳು, ಕ್ಷಮಿಸು. ಪುಟದ ತುಂಬ ತಾನೇ ಕುಳಿತಿದ್ದಳು. ಪಾಚಿಗೆ ಒಂದು ಸಾಲೂ ಜಾಗವಿರಲಿಲ್ಲ. ಅದನ್ನು ಹರಿದು ಹೊಸ ಹಾಳೆ ತೆಗೆದುಕೊಂಡಳು. ಕೈ ನಿಲ್ಲದೆ ಬರೆಯಿತು. ನಾಲ್ಕು ದಿನ ಜಾಗ ಬದಲಿಸಲಿಲ್ಲ. ಮೊದಲ ಮೂರು ದಿನಕ್ಕೆ ಆಸ್ಪತ್ರೆ ಕಾರಣ, ನಾಲ್ಕನೆಯ ದಿನಕ್ಕೆ ಕಾರಣವಿಲ್ಲ, ಚಹಾ ಕುಡಿದು ನಗುತ್ತ ಕೂತಿದ್ದೆ. ಐದನೆಯ ಬೆಳಗ್ಗೆ ನೀನು ಬರುವ ಮುಂಚೆ ಎಲ್ಲವನ್ನೂ ಒಟ್ಟಿಗೆ ಸರಿಸಿದೆ. ನಿನ್ನ ಕಣ್ಣು ಸರಿಯಾಗಿತ್ತು. ಇಲ್ಲಿಂದ ಮುಂದೆ ಗೆರೆ ಎಳೆದು ನಾಲ್ಕು ಮನೆ ಮಾಡಿದಳು: ಕಿಟಕಿ ಬಿಳಿ, ಕಿಟಕಿ ಕರಿ, ಗೋಡೆ ಬಿಳಿ, ಗೋಡೆ ಕರಿ. ಒಂದೊಂದರಲ್ಲೂ ಕಂಡ ಬಣ್ಣವನ್ನು ತನಗೆ ಬಂದ ಮಾತಿನಲ್ಲಿ ಬರೆದಳು. ಕಿಟಕಿ ಮುಚ್ಚಲು ಇನ್ನೊಂದು ತಿಂಗಳಿದೆ, ಮುಖ್ಯಸ್ಥರು ಬೇರೆಯವರ ಕೈಲಿ ಮಾಡಿಸುವ ಯೋಚನೆಯಲ್ಲಿದ್ದಾರೆ, ನೀನು ಬರೆದರೆ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಎಂದು ಬರೆದಳು. ಕೊನೆಗೆ ಇದನ್ನೂ ಸೇರಿಸಿದಳು. ಗೋಡೆಯ ಕಡೆಯ ಕೊನೆಯ ಕರಿದಾರದ್ದರಲ್ಲಿ, ಆಹಾರವೂ ಇದ್ದು ನೆರಳೂ ಇದ್ದು, ಮೊದಲ ಹನಿಯಲ್ಲಿ ಮೂರು, ಎರಡನೆಯ ಹನಿಯಲ್ಲಿ ಎರಡು ಕೆಂಪಾಗಿವೆ. ಅದಕ್ಕೆ ಏನಿರಬಹುದು ಎಂದು ನನಗೆ ಹೊಳೆಯುತ್ತಿಲ್ಲ. ನಿನಗೆ ಹೊಳೆದರೆ ಬರಿ.

ಗುಮಾಸ್ತೆಯ ಹತ್ತಿರ ವಿಳಾಸ ಇಸಕೊಂಡು ಲಕೋಟೆಯ ಮೇಲೆ ಬರೆದಳು. ಅಂಚೆ ಕಚೇರಿ ಎರಡು ಬೀದಿ ಆಚೆ. ಸರತಿಯಲ್ಲಿ ಅವಳ ಮುಂದೆ ನಾಲ್ಕು ಜನ. ಒಬ್ಬೊಬ್ಬರು ಮುಗಿದು ಮುಂದೆ ಸರಿದ ಹಾಗೆ, ಹಿಂದೆ ಬಾಗಿಲ ಕಡೆಗೆ ಅವಳ ಕಣ್ಣು ಹೋಯಿತು. ಹೋಗಿ ಬಂತು. ಕಿಂಡಿಯ ಹಿಂದಿನ ಹೆಂಗಸು ಲಕೋಟೆಯನ್ನು ತೂಗಿ, ಹಿಂದೆ ಮುಂದೆ ತಿರುಗಿಸಿ, ವಾಪಸು ನೂಕಿದಳು.

"ಕಳಿಸೋರ ಹೆಸರು ಇಲ್ಲ ಅಮ್ಮಾ."

"ಒಳಗೆ ಬರೆದಿದ್ದೀನಿ."

"ಒಳಗೆ ಬರೆದ್ರೆ ನನಗೇನು ಕಾಣುತ್ತೆ? ಹಿಂದೆ ಬರೀರಿ. ಪೂರ್ತಿ ಹೆಸರು, ವಿಳಾಸ. ರಿಜಿಸ್ಟರ್ ಅಂದ್ರೆ ಹಾಗೇನೇ."

ಪೆನ್ನು ದಾರದಿಂದ ಕಟ್ಟಿತ್ತು, ದಾರ ಗಿಡ್ಡ. ಬಗ್ಗಿ, ಲಕೋಟೆಯನ್ನು ಓರೆ ಹಿಡಿದು, ಗಾಜಕ್ಕ ಎಂದು ಬರೆಯಹೋಗಿ ನಿಲ್ಲಿಸಿ, ಸಂಬಳದ ಪಟ್ಟಿಯಲ್ಲಿ ಮಾತ್ರ ಇರುವ ತನ್ನ ಪೂರ್ತಿ ಹೆಸರನ್ನು ಬರೆದಳು. ಒತ್ತಕ್ಷರವಿರುವ ಹೆಸರು. ಒತ್ತು ಸರಿಯಾದ ಜಾಗದಲ್ಲಿ ಬಿತ್ತು. ಮನೆಯ ಸಂಖ್ಯೆ, ಬೀದಿ, ಎಲ್ಲ ಬರೆದಳು. ಹಿಂದಿನವನು ಕೆಮ್ಮಿದ.

"ಬರೀತಿದ್ದೀನಪ್ಪ, ಆರು ವರ್ಷದಿಂದ ಬರೀತಿದ್ದೀನಿ, ಒಂದು ನಿಮಿಷ ತಡಿ," ಎಂದಳು. ಅವನು ಅರ್ಥವಾಗದೆ ನಕ್ಕ. ಕಿಂಡಿಯ ಹೆಂಗಸೂ ನಕ್ಕಳು.

ಮುದ್ರೆ ಎರಡು ಸಲ ಬಿತ್ತು, ಮುಂದೊಂದು, ಹಿಂದೊಂದು. "ಅವರಿಗೆ ಸಿಕ್ಕಿದ್ದಕ್ಕೆ ಸಹಿ ಬೇಕಾ?" ಎಂದು ಹೆಂಗಸು ಕೇಳಿದಳು. ಬೇಕು ಎಂದಳು. ಲಕೋಟೆಯನ್ನು ಆ ಹೆಂಗಸು ನೋಡದೆಯೇ ಭುಜದ ಮೇಲಿಂದ ಹಿಂದಕ್ಕೆ ಎಸೆದಳು. ಅದು ಬಾಯ್ದೆರೆದ ಚೀಲದೊಳಗೆ, ಬೇರೆ ಪತ್ರಗಳ ಮೇಲೆ, ಹೆಸರು ಬರೆದ ಬದಿ ಮೇಲಾಗಿ ಬಿತ್ತು.